ಕ್ಷಮೆ ಬೇಡುವ ಗಂಡ, ಮಾತಿಲ್ಲದ ಹೆಂಡತಿ

ಹಳೆಯ ಶ್ರೇಷ್ಠ ನಾಟಕಗಳು ಹೆಂಡತಿಯರನ್ನು ನಡೆಸಿಕೊಂಡಿರುವ ರೀತಿಯ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಬಹುಬೇಗ ನಾಟಕಕಾರನ ವಿಚಾರಣೆಯಾಗಿಬಿಡುತ್ತದೆ. ಕಾಳಿದಾಸ ಸ್ತ್ರೀದ್ವೇಷಿಯೇ, ಶೇಕ್ಸ್‌ಪಿಯರ್ ಹೆಂಗಸರ ಪರವೇ, ಯೂರಿಪಿಡೀಸನನ್ನು ಯಾವ ಕಡೆ ಕೂರಿಸಬೇಕು ಎಂದು ಕೇಳುತ್ತಾ ಒಂದು ಗುಂಪು ಹೀನಾಯವಾದ ಸಾಲುಗಳನ್ನು ಆರಿಸಿ ತರುತ್ತದೆ. ಇನ್ನೊಂದು ಗುಂಪು ಅದೇ ನಾಟಕದಲ್ಲಿ ಹೆಣ್ಣಿನ ಬಾಯಲ್ಲಿ ಬರುವ ದಿಟ್ಟ ಮಾತುಗಳನ್ನು ಎತ್ತಿ ತೋರಿಸುತ್ತದೆ. ಎರಡೂ ಬಗೆಯ ಸಾಲುಗಳು ಧಾರಾಳವಾಗಿ ಸಿಗುವುದರಿಂದ ಈ ಜಗಳಕ್ಕೆ ಕೊನೆಯಿಲ್ಲ. ಪಾತ್ರ ಆಡಿದ ಕೆಟ್ಟ ಮಾತನ್ನು ಕವಿಯ ತಲೆಗೆ ಕಟ್ಟುವುದು ಹೇಗೆ ನ್ಯಾಯವಲ್ಲವೋ, ಪಾತ್ರ ಆಡಿದ ಒಂದು ಒಳ್ಳೆಯ ಮಾತನ್ನು ಹಿಡಿದು ಇಡೀ ನಾಟಕವನ್ನು ಪಾರುಮಾಡುವುದೂ ಹಾಗೆಯೇ ನ್ಯಾಯವಲ್ಲ. ನನ್ನ ಗಮನ ಹೋಗುವುದು ಕಥೆ ಮುಗಿಯುವ ಜಾಗಕ್ಕೆ. ಗಂಡ ಮಾಡಿದ ತಪ್ಪು ಕೊನೆಯ ಅಂಕದ ಹೊತ್ತಿಗೆ ಯಾರ ಲೆಕ್ಕಕ್ಕೆ ಸೇರಿತು, ಆ ಹೊತ್ತಿನಲ್ಲಿ ಹೆಂಡತಿಗೆ ಎಷ್ಟು ಮಾತು ಉಳಿದಿತ್ತು ಎಂಬುದನ್ನು ನೋಡಿದರೆ, ಬೈಗುಳದ ಸಾಲುಗಳಿಗಿಂತ ಆಳವಾದ ಅನ್ಯಾಯವೊಂದು ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಅಭಿಜ್ಞಾನ ಶಾಕುಂತಲವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಏಳು ಅಂಕಗಳ ಈ ನಾಟಕದಲ್ಲಿ ನಾಲ್ಕನೆಯ ಅಂಕವೇ ಶ್ರೇಷ್ಠ, ಅದರಲ್ಲೂ ನಾಲ್ಕು ಶ್ಲೋಕಗಳು ಶ್ರೇಷ್ಠ ಎಂಬ ಹಳೆಯ ಮೆಚ್ಚುಗೆಯ ಮಾತು ಸಂಸ್ಕೃತ ಓದಿದವರಿಗೆಲ್ಲ ಪರಿಚಿತ. ಸಾಕುಮಗಳನ್ನು ಕಳುಹಿಸಿಕೊಡುವ ಕಣ್ವನ ಸಂಕಟ ಅಲ್ಲಿದೆ, ಅದು ಮಹಾಕಾವ್ಯವೇ ಸರಿ. ಆದರೆ ಅದೇ ಅಂಕದಲ್ಲಿ ಅವನು ಮಗಳಿಗೆ ಮಾಡುವ ಉಪದೇಶವೂ ಇದೆ: ಹಿರಿಯರ ಸೇವೆ ಮಾಡು, ಸವತಿಯರೊಡನೆ ಗೆಳತಿಯಂತೆ ಇರು, ಗಂಡ ಅವಮಾನಿಸಿದರೂ ಸಿಟ್ಟಿನಿಂದ ಅವನಿಗೆ ಎದುರಾಗಬೇಡ. ಈ ಉಪದೇಶವನ್ನು ಕೊಂಡಾಡಿದಷ್ಟು ಶ್ರದ್ಧೆಯಿಂದ ನಮ್ಮ ಪಂಡಿತ ಪರಂಪರೆ ಮುಂದಿನ ಅಂಕವನ್ನು ಓದಿದ್ದರೆ, ಕಾಳಿದಾಸನೇ ಆ ಉಪದೇಶವನ್ನು ಎಷ್ಟು ಬೇಗ ಪರೀಕ್ಷೆಗೆ ಒಡ್ಡಿದ್ದಾನೆ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು.

ಐದನೆಯ ಅಂಕದಲ್ಲಿ ಗರ್ಭಿಣಿ ಶಕುಂತಲೆ ತುಂಬಿದ ಸಭೆಯಲ್ಲಿ ನಿಂತಿದ್ದಾಳೆ. ದುಷ್ಯಂತ ತನಗೆ ನೆನಪಿಲ್ಲ ಎಂದಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಕಲಿಸದೆಯೇ ಬರುವ ಕಪಟ ಹೆಣ್ಣುಜಾತಿಗೇ ಸಹಜವೆಂದೂ, ಕೋಗಿಲೆಯೂ ತನ್ನ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸಿಕೊಳ್ಳುತ್ತದೆಯೆಂದೂ ಹೇಳುತ್ತಾನೆ. ಮೇನಕೆ ಹೆತ್ತು ಬಿಟ್ಟುಹೋದ, ಬೇರೆಯವರು ಸಾಕಿದ ಹುಡುಗಿಯ ಎದುರು ಆಡುವ ಮಾತು ಇದು. ಅವಳು ಅವನನ್ನು ಅನಾರ್ಯನೆಂದು ಕರೆಯುತ್ತಾಳೆ, ನಿನ್ನ ಮನಸ್ಸಿನಂತೆಯೇ ಎಲ್ಲರ ಮನಸ್ಸನ್ನೂ ಅಳೆಯುತ್ತೀಯೆ ಎನ್ನುತ್ತಾಳೆ. ಅವಳ ಪರವಾಗಿ ಬಂದ, ಕಣ್ವನ ಶಿಷ್ಯ ಶಾರ್ಙ್ಗರವನೂ ಮೊದಲು ರಾಜನನ್ನು ಗದರಿಸುತ್ತಾನೆ. ಆದರೆ ವಾದ ಫಲಿಸದೆ ಹೋದಾಗ ಅವನು ಹೇಳುವುದೇನು? ಇವಳು ನಿನ್ನ ಹೆಂಡತಿ, ಬಿಡುವೆಯೋ ಇಟ್ಟುಕೊಳ್ಳುವೆಯೋ ನಿನಗೆ ಬಿಟ್ಟದ್ದು, ಹೆಂಡತಿಯ ಮೇಲೆ ಗಂಡನಿಗೆ ಎಲ್ಲ ಬಗೆಯ ಒಡೆತನವೂ ಉಂಟಲ್ಲ ಎನ್ನುತ್ತಾನೆ. ಅಳುತ್ತಾ ಹಿಂದೆ ಬಂದ ಶಕುಂತಲೆಗೆ, ನೀನು ಶುದ್ಧಳಾಗಿದ್ದರೆ ಗಂಡನ ಮನೆಯಲ್ಲಿ ದಾಸಿಯಾಗಿರುವುದೂ ಸಹ್ಯವೇ ಎಂದು ಹೇಳಿ ಹೊರಡುತ್ತಾನೆ. ಗಂಡ ಮತ್ತು ತವರು, ಎರಡೂ ಕಡೆಯವರು ಬೇರೆ ಬೇರೆ ಕಾರಣ ಹೇಳಿಕೊಂಡು ಒಂದೇ ಬಾಗಿಲನ್ನು ಮುಚ್ಚುತ್ತಾರೆ. ಈ ದೃಶ್ಯವನ್ನು ಬರೆದವನಿಗೆ ಹೆಣ್ಣಿನ ಸ್ಥಿತಿ ಅರ್ಥವಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಾಗಿದ್ದರೆ ನನ್ನ ತಕರಾರು ಎಲ್ಲಿ? ದುಷ್ಯಂತ ಅವಳನ್ನು ಮರೆಯುವಂತೆ ಮಾಡಿದ ಶಾಪದಲ್ಲಿ. ಮಹಾಭಾರತದ ಆದಿಪರ್ವದ ಶಕುಂತಲೋಪಾಖ್ಯಾನದಲ್ಲಿ ದೂರ್ವಾಸನ ಶಾಪವೂ ಇಲ್ಲ, ಉಂಗುರವೂ ಇಲ್ಲ. ಅಲ್ಲಿನ ದುಷ್ಯಂತನಿಗೆ ಎಲ್ಲವೂ ನೆನಪಿದೆ, ನೆನಪಿದ್ದೂ ಇಲ್ಲವೆನ್ನುತ್ತಾನೆ. ಅಲ್ಲಿನ ಶಕುಂತಲೆ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಹೆಂಡತಿಯೆಂದರೆ ಗಂಡಿನ ಅರ್ಧಭಾಗವೆಂದು ವಾದಿಸುತ್ತಾಳೆ. ಬೇರೆಯವರ ಸಾಸಿವೆಯಷ್ಟು ದೋಷ ಕಾಣುವ ನಿನಗೆ ನಿನ್ನದೇ ಬಿಲ್ವದ ಕಾಯಿಯಷ್ಟು ದೊಡ್ಡ ದೋಷ ಕಾಣುವುದಿಲ್ಲವೇ ಎಂದು ಕೇಳುತ್ತಾಳೆ. ಅಶರೀರವಾಣಿ ಆದ ಮೇಲೆ ರಾಜ, ತನಗೆ ಗೊತ್ತಿತ್ತು, ಜನ ಸಂಶಯಪಟ್ಟಾರೆಂದು ಹಾಗೆ ಮಾಡಿದೆ ಎಂದು ಒಪ್ಪಿಕೊಳ್ಳುತ್ತಾನೆ. ಹೇಡಿತನದ ಉತ್ತರ ಇದು, ಆದರೆ ತಪ್ಪು ಅವನದೇ ಆಗಿ ಉಳಿಯುತ್ತದೆ. ಕಾಳಿದಾಸ ನಾಯಕನನ್ನು ಉದಾತ್ತನನ್ನಾಗಿ ಉಳಿಸಬೇಕಾಗಿತ್ತು. ಅದಕ್ಕಾಗಿ ತಂದ ಶಾಪ ಯಾರ ತಪ್ಪಿನಿಂದ ಬಂತು ಎಂಬುದನ್ನು ಗಮನಿಸಬೇಕು: ಗಂಡನನ್ನೇ ನೆನೆಯುತ್ತಾ ಕುಳಿತಿದ್ದ ಹೆಂಡತಿ ಬಾಗಿಲಿಗೆ ಬಂದ ಅತಿಥಿಯ ದನಿಯನ್ನು ಕೇಳಿಸಿಕೊಳ್ಳಲಿಲ್ಲ ಎಂಬುದರಿಂದ. ಗಂಡನ ಮರೆವಿಗೆ ಹೆಂಡತಿಯ ನೆನಪೇ ಕಾರಣವಾಯಿತು. ಕಥೆಯ ಹೆಣಿಗೆಯಾಗಿ ಇದು ಎಷ್ಟು ಚೆಲುವಾಗಿದೆಯೋ ನ್ಯಾಯವಾಗಿ ಅಷ್ಟೇ ವಕ್ರವಾಗಿದೆ.

ಇಷ್ಟಾಗಿಯೂ ಶಾಪ ಎಲ್ಲವನ್ನೂ ಮುಚ್ಚುವುದಿಲ್ಲ. ಐದನೆಯ ಅಂಕ ಆರಂಭವಾಗುವುದೇ ನೇಪಥ್ಯದಲ್ಲಿ ಹಾಡುವ, ಅಂತಃಪುರದ ಹಂಸಪದಿಕೆಯಿಂದ. ಮಾವಿನ ಹೂವನ್ನು ಸವಿದು ಮರೆತ ದುಂಬಿಯನ್ನು ಅವಳು ಹಾಡಿನಲ್ಲಿ ಪ್ರಶ್ನಿಸುತ್ತಿದ್ದಾಳೆ. ತಾನು ಒಮ್ಮೆ ಒಲಿದು ಬಿಟ್ಟ ಹೆಣ್ಣು ಇವಳು ಎಂಬಂತೆ ಅರಸ ಮುಗುಳ್ನಕ್ಕು, ಅವಳನ್ನು ಸಮಾಧಾನಪಡಿಸಲು ವಿದೂಷಕನನ್ನು ಕಳುಹಿಸುತ್ತಾನೆ. ಶಕುಂತಲೆಯನ್ನು ಮರೆತದ್ದು ದೂರ್ವಾಸನಿಂದ ಎಂದು ಒಪ್ಪೋಣ. ಹಂಸಪದಿಕೆಯನ್ನು ಮರೆಯಲು ಯಾವ ಋಷಿಯ ಶಾಪ ಬೇಕಾಯಿತು? ರಂಗದ ಮೇಲೆ ಒಮ್ಮೆಯೂ ಬಾರದ ಈ ಹೆಣ್ಣಿನ ದನಿಯನ್ನು ಕಾಳಿದಾಸ ಉದ್ದೇಶಪೂರ್ವಕವಾಗಿಯೇ ಅಲ್ಲಿ ಇಟ್ಟಿದ್ದಾನೆ ಎಂದು ನಾನು ನಂಬುತ್ತೇನೆ. ಪ್ರಯೋಗಗಳಲ್ಲಿ ಈ ಹಾಡನ್ನು ಬರಿಯ ಅಲಂಕಾರವೆಂದು ಬಗೆದು ಮೊಟಕುಗೊಳಿಸುವವರು ಏನನ್ನು ಕತ್ತರಿಸುತ್ತಿದ್ದೇವೆಂದು ಯೋಚಿಸಬೇಕು.

ಏಳನೆಯ ಅಂಕದಲ್ಲಿ ದುಷ್ಯಂತ ಅವಳ ಕಾಲಿಗೆ ಬೀಳುತ್ತಾನೆ. ಶಕುಂತಲೆ ಹೇಳುವ ಮಾತು ಇದು: ಏಳಿ, ಆ ದಿನಗಳಲ್ಲಿ ನನ್ನ ಹಿಂದಿನ ಯಾವುದೋ ಕರ್ಮ ಫಲ ಕೊಡುವ ಹಂತಕ್ಕೆ ಬಂದಿತ್ತು, ಇಲ್ಲವಾದರೆ ಕರುಣಾಳುವಾದ ನೀವು ನನ್ನ ವಿಷಯದಲ್ಲಿ ಹಾಗಾಗುತ್ತಿರಲಿಲ್ಲ. ಬಳಿಕ ಮಾರೀಚ ಋಷಿಯಿಂದ ಶಾಪದ ಸಂಗತಿ ತಿಳಿದಾಗ, ಗಂಡ ಕಾರಣವಿಲ್ಲದೆ ನನ್ನನ್ನು ತಿರಸ್ಕರಿಸಲಿಲ್ಲವಲ್ಲ ಎಂದು ಅವಳಿಗೆ ನೆಮ್ಮದಿಯಾಗುತ್ತದೆ. ಕ್ಷಮೆ ಬೇಡಿದವನು ಅವನು, ತಪ್ಪನ್ನು ಹೊತ್ತುಕೊಂಡವಳು ಅವಳು. ಈ ನಡುವೆ ಒಂದೇ ಒಂದು ಕ್ಷಣ ಬೇರೆ ಬಗೆಯದು. ಉಂಗುರವನ್ನು ಮತ್ತೆ ತೊಡಿಸಲು ಅವನು ಮುಂದಾದಾಗ, ನನಗೆ ಇದರ ಮೇಲೆ ನಂಬಿಕೆಯಿಲ್ಲ, ನೀವೇ ಹಾಕಿಕೊಳ್ಳಿ ಎನ್ನುತ್ತಾಳೆ. ಇಡೀ ಅಂಕದಲ್ಲಿ ಅವಳ ಮನಸ್ಸು ನಮಗೆ ಕಾಣಿಸುವ ಸಂದು ಇದೊಂದೇ, ಮತ್ತು ನಾಟಕ ಅಲ್ಲಿ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತದೆ.

ಭವಭೂತಿ ನಿಲ್ಲುತ್ತಾನೆ. ನನ್ನ ಮಟ್ಟಿಗೆ ಅವನು ಬರೆದ ಎಂಟನೆಯ ಶತಮಾನದ ಉತ್ತರರಾಮಚರಿತ, ಗಂಡನ ಅಪರಾಧವನ್ನು ಅಪರಾಧವೆಂದೇ ಕರೆಯುವ ವಿಷಯದಲ್ಲಿ ಶಾಕುಂತಲಕ್ಕಿಂತ ಧೈರ್ಯದ ನಾಟಕ. ಮೂರನೆಯ ಅಂಕದಲ್ಲಿ ವನದೇವತೆ ವಾಸಂತಿ ರಾಮನ ಎದುರು ನಿಂತು, ನೀನೇ ನನ್ನ ಜೀವ, ನೀನೇ ನನ್ನ ಎರಡನೆಯ ಹೃದಯ ಎಂದು ನೂರು ಸವಿಮಾತುಗಳಿಂದ ಆ ಮುಗ್ಧೆಯನ್ನು ಒಲಿಸಿಕೊಂಡು ಕಡೆಗೆ ಅವಳನ್ನೇ ಎಂದು ಆರಂಭಿಸಿ, ವಾಕ್ಯವನ್ನು ಮುಗಿಸಲಾಗದೆ ಮೂರ್ಛೆ ಹೋಗುತ್ತಾಳೆ. ಎಚ್ಚೆತ್ತ ಮೇಲೆ ಏಕೆ ಹೀಗೆ ಮಾಡಿದೆ ಎಂದು ಕೇಳಿದರೆ ರಾಮನ ಉತ್ತರ, ಜನ ಸಹಿಸುವುದಿಲ್ಲ ಎಂಬುದು. ಕಠೋರನೇ, ನಿನಗೆ ಕೀರ್ತಿ ಪ್ರಿಯವಲ್ಲವೇ, ಇದಕ್ಕಿಂತ ದೊಡ್ಡ ಅಪಕೀರ್ತಿ ಯಾವುದಿದೆ ಎನ್ನುತ್ತಾಳೆ ವಾಸಂತಿ. ರಾಮಭಕ್ತಿಯ ಪರಂಪರೆಯೊಳಗೆ ಕುಳಿತು ಒಬ್ಬ ಕವಿ ಇದನ್ನು ಬರೆದ. ಆದರೆ ಅದೇ ದೃಶ್ಯದಲ್ಲಿ, ಗಂಗೆಯ ವರದಿಂದ ಯಾರಿಗೂ ಕಾಣದಂತೆ ಪಕ್ಕದಲ್ಲೇ ನಿಂತಿರುವ ಸೀತೆ ಏನು ಮಾಡುತ್ತಾಳೆ? ವಾಸಂತಿ, ನೀನೇ ಕ್ರೂರಿ, ಇಷ್ಟು ನೊಂದವರನ್ನು ಮತ್ತೆ ನೋಯಿಸುತ್ತೀಯಲ್ಲ ಎಂದು ಗೆಳತಿಯನ್ನು ಆಕ್ಷೇಪಿಸುತ್ತಾಳೆ. ಹೆಂಡತಿಯ ಪರವಾಗಿ ಬೇರೆಯವಳು ಕೇಳಬಹುದು, ಹೆಂಡತಿ ಮಾತ್ರ ಗಂಡನ ವಕೀಲೆಯಾಗಿಯೇ ಇರಬೇಕು ಎಂಬ ಕಟ್ಟಳೆಯೊಂದು ಇಲ್ಲಿ ಕೆಲಸ ಮಾಡುತ್ತಿದೆ. ಕೊನೆಯ ಅಂಕದಲ್ಲಿ ಅರುಂಧತಿ ಸೀತೆಯನ್ನು ರಾಮನಿಗೆ ಒಪ್ಪಿಸಿ ನೆರೆದ ಪ್ರಜೆಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ, ಎಲ್ಲರೂ ತಲೆಬಾಗುತ್ತಾರೆ. ಆಗ ಸೀತೆ, ಸೀತೆಯ ದುಃಖವನ್ನು ಒರೆಸುವುದು ಆರ್ಯಪುತ್ರರಿಗೆ ಗೊತ್ತಿದೆಯೇ ಎಂದು ಕೇಳುತ್ತಾಳೆ. ಹನ್ನೆರಡು ವರ್ಷಗಳ ಬಳಿಕ ಅವಳು ಕೇಳಬೇಕಾಗಿದ್ದ ಪ್ರಶ್ನೆ ಅದೇ. ಆದರೆ ಅವಳು ಕೇಳುವುದು ಸ್ವಗತದಲ್ಲಿ. ರಂಗದ ಮೇಲಿರುವ ಯಾರಿಗೂ ಅದು ಕೇಳಿಸುವುದಿಲ್ಲ.

ಇದು ಸಂಸ್ಕೃತ ನಾಟಕದ ಲಕ್ಷಣವಷ್ಟೇ ಎಂದುಕೊಳ್ಳುವವರು ಗ್ರೀಕ್ ನಾಟಕಕಾರ ಯೂರಿಪಿಡೀಸನ ಕ್ರಿ.ಪೂ. 438ರ ಆಲ್ಸೆಸ್ಟಿಸ್ ನಾಟಕವನ್ನು ನೋಡಬಹುದು. ಅಡ್ಮೀಟಸ್ ರಾಜನಿಗೆ ಸಾವು ಬಂದಿದೆ. ಅವನ ಬದಲು ಬೇರೆ ಯಾರಾದರೂ ಸತ್ತರೆ ಅವನು ಉಳಿಯಬಹುದು. ಮುದಿ ತಂದೆತಾಯಿಗಳು ಒಲ್ಲೆವೆಂದರು, ಹೆಂಡತಿ ಆಲ್ಸೆಸ್ಟಿಸ್ ಒಪ್ಪಿ ಸತ್ತಳು. ಯೂರಿಪಿಡೀಸ್ ಇಲ್ಲಿ ಅಡ್ಮೀಟಸ್‌ನ ತಂದೆಯ ಬಾಯಲ್ಲಿ ಆಡಿಸುವ ಮಾತಿಗೆ ಸಮನಾದ ಚುಚ್ಚು ಮಾತು ನಾಟಕ ಸಾಹಿತ್ಯದಲ್ಲಿ ಅಪರೂಪ: ಒಬ್ಬೊಬ್ಬ ಹೆಂಡತಿಯನ್ನೂ ನಿನಗಾಗಿ ಸಾಯುವಂತೆ ಒಪ್ಪಿಸುತ್ತಾ ಹೋದರೆ ನಿನಗೆ ಸಾವೇ ಇಲ್ಲವಲ್ಲ, ಒಳ್ಳೆಯ ಉಪಾಯ ಕಂಡುಹಿಡಿದೆ. ಕೊನೆಯಲ್ಲಿ ಹೆರಾಕ್ಲೀಸ್ ಮೃತ್ಯುವಿನೊಡನೆ ಸೆಣಸಿ ಅವಳನ್ನು ಮರಳಿ ತರುತ್ತಾನೆ. ಮುಸುಕು ಹಾಕಿ ನಿಂತ ಹೆಂಗಸನ್ನು ಅಡ್ಮೀಟಸ್ ಗುರುತಿಸುತ್ತಾನೆ, ಏಕೆ ಇವಳು ಮಾತಾಡುತ್ತಿಲ್ಲ ಎಂದು ಕೇಳುತ್ತಾನೆ. ಪಾತಾಳದ ದೇವತೆಗಳಿಂದ ಶುದ್ಧಿಯಾಗುವವರೆಗೆ, ಅಂದರೆ ಮೂರನೆಯ ದಿನದವರೆಗೆ, ಅವಳ ಮಾತು ಕೇಳುವಂತಿಲ್ಲ ಎಂದು ಉತ್ತರ ಬರುತ್ತದೆ. ನಾಟಕ ಅಷ್ಟರಲ್ಲಿ ಮುಗಿಯುತ್ತದೆ. ನಟರ ಸಂಖ್ಯೆ ಕಡಿಮೆಯಿದ್ದುದರಿಂದ ಆ ಪಾತ್ರಕ್ಕೆ ಮಾತಿಲ್ಲದ ಒಬ್ಬನನ್ನು ನಿಲ್ಲಿಸಬೇಕಾಯಿತು ಎಂಬ ವಿವರಣೆಯೂ ಇದೆ, ಇರಬಹುದು. ಅಥೆನ್ಸಿನಲ್ಲಿ ಹೆಣ್ಣುಪಾತ್ರಗಳನ್ನು ಆಡುತ್ತಿದ್ದವರೂ ಗಂಡಸರೇ ತಾನೇ. ಕಾರಣ ಯಾವುದಾದರೂ ಆಗಲಿ, ಗಂಡನಿಗಾಗಿ ಸತ್ತು ಬಂದವಳು ಅವನನ್ನು ಕುರಿತು ಏನು ಯೋಚಿಸುತ್ತಾಳೆಂದು ತಿಳಿಯುವ ಅವಕಾಶ ಪ್ರೇಕ್ಷಕನಿಗೆ ಸಿಗುವುದಿಲ್ಲ.

ಎರಡು ಸಾವಿರ ವರ್ಷಗಳ ನಂತರ ಶೇಕ್ಸ್‌ಪಿಯರ್ ತನ್ನ ವಿಂಟರ್ಸ್ ಟೇಲ್ ನಾಟಕದಲ್ಲಿ ಹೆಚ್ಚುಕಡಿಮೆ ಇದೇ ದೃಶ್ಯವನ್ನು ಬರೆದ. ಲಿಯಾಂಟೀಸ್ ಯಾವ ಆಧಾರವೂ ಇಲ್ಲದೆ ಗರ್ಭಿಣಿ ಹೆಂಡತಿ ಹರ್ಮಾಯಿನಿಯ ಮೇಲೆ ಹಾದರದ ಆರೋಪ ಹೊರಿಸುತ್ತಾನೆ, ಸೆರೆಗೆ ಹಾಕುತ್ತಾನೆ, ಹುಟ್ಟಿದ ಹೆಣ್ಣುಮಗುವನ್ನು ಕಾಡಿಗೆಸೆಯಲು ಕಳುಹಿಸುತ್ತಾನೆ. ಮಗ ಆ ಸಂಕಟದಲ್ಲೇ ಸಾಯುತ್ತಾನೆ. ಇಲ್ಲಿ ಶಾಪವಿಲ್ಲ, ಒಥೆಲೊ ನಾಟಕದಲ್ಲಿರುವಂಥ ಪಿಸುಣನಿಲ್ಲ, ಕದ್ದ ಕರವಸ್ತ್ರವಿಲ್ಲ. ತಪ್ಪು ಪೂರ್ತಿಯಾಗಿ ಗಂಡನ ತಲೆಯೊಳಗೇ ಹುಟ್ಟಿದ್ದು, ಮತ್ತು ಅದಕ್ಕೆ ಅವನು 16 ವರ್ಷ ಪಶ್ಚಾತ್ತಾಪ ಪಡುತ್ತಾನೆ. ಈ ಪ್ರಾಮಾಣಿಕತೆಗಾಗಿ ಈ ನಾಟಕ ನನಗೆ ಪ್ರಿಯ. ಕೊನೆಗೆ ಶಿಲೆಯೆಂದುಕೊಂಡದ್ದು ಚಲಿಸಿ ಕೆಳಗಿಳಿಯುತ್ತದೆ, ಹರ್ಮಾಯಿನಿ ಗಂಡನನ್ನು ಅಪ್ಪಿಕೊಳ್ಳುತ್ತಾಳೆ. ಆದರೆ ಅವನೊಡನೆ ಒಂದು ಮಾತನ್ನೂ ಆಡುವುದಿಲ್ಲ. ಅವಳ ಮಾತೆಲ್ಲ ಮಗಳಿಗೆ. ತಾನು ಬದುಕಿ ಉಳಿದದ್ದೇ ಮಗಳನ್ನು ನೋಡುವುದಕ್ಕಾಗಿ ಎಂದು ಅವಳು ಹೇಳುತ್ತಾಳೆ. ಇಲ್ಲಿನ ಮೌನ ಆಲ್ಸೆಸ್ಟಿಸಳ ಮೌನದಂತಲ್ಲ. ಮಾತು ಬಲ್ಲವಳು, ಮಾತಾಡುತ್ತಿರುವವಳು, ಒಬ್ಬನಿಗೆ ಮಾತ್ರ ಮಾತನ್ನು ಕೊಡುತ್ತಿಲ್ಲ. ಹದಿನಾರು ವರ್ಷ ರಾಜನ ಮುಖದೆದುರು ಸತ್ಯ ಹೇಳುತ್ತಾ ಬಂದ ವಿಧವೆ ಪಾಲಿನಾಳಿಗೆ ನಾಟಕ ಕೊಡುವ ಬಹುಮಾನ ಏನೆಂದರೆ, ಅದೇ ರಾಜ ಅವಳ ಕೈಯನ್ನು ಕಮಿಲೊ ಎಂಬವನ ಕೈಗೆ ಕೊಟ್ಟು ಗಂಡನೊಬ್ಬನನ್ನು ಗೊತ್ತುಮಾಡುವುದು. ಅವಳು ಅದಕ್ಕೆ ಏನೆಂದಳು ಎಂಬುದೂ ನಾಟಕದಲ್ಲಿಲ್ಲ.

ಒಥೆಲೊ ನಾಟಕದ ಡೆಸ್ಡಿಮೋನ ಬಗ್ಗೆ ಉದ್ದವಾಗಿ ಬರೆಯುವ ಅಗತ್ಯವಿಲ್ಲ. ಗಂಡ ಹೊರಗಿನವರ ಎದುರೇ ಹೊಡೆದಾಗ ನಾನು ಇದಕ್ಕೆ ತಕ್ಕವಳಲ್ಲ ಎಂದಷ್ಟೇ ಹೇಳಿದವಳು, ಗಂಡನ ಕೈಯಿಂದಲೇ ಸಾಯುತ್ತಾ ಉಸಿರು ನಿಲ್ಲುವ ಗಳಿಗೆಯಲ್ಲಿ ಇದನ್ನು ಮಾಡಿದವರು ಯಾರು ಎಂಬ ಪ್ರಶ್ನೆಗೆ ಯಾರೂ ಅಲ್ಲ, ನಾನೇ ಎಂದು ಉತ್ತರಿಸುತ್ತಾಳೆ. ಶಕುಂತಲೆಯ ಹಿಂದಿನ ಕರ್ಮಕ್ಕೂ ಈ ಉತ್ತರಕ್ಕೂ ಇರುವ ಹೋಲಿಕೆ ನನ್ನನ್ನು ಬಹಳ ಕಾಡಿದೆ. ದೇಶ, ಕಾಲ, ಧರ್ಮ ಯಾವುದೂ ಕೂಡದ ಇಬ್ಬರು ಕವಿಗಳು ಒಳ್ಳೆಯ ಹೆಂಡತಿಯ ಬಾಯಿಗೆ ಒಂದೇ ಮಾತನ್ನು ಇಟ್ಟಿದ್ದಾರೆ. ಆ ನಾಟಕದಲ್ಲಿ ಸತ್ಯವನ್ನು ಹೊರಗೆಡಹುವುದು ಇನ್ನೊಬ್ಬ ಹೆಂಡತಿ, ಒಥೆಲೊನಲ್ಲಿ ಸಂಶಯ ಹುಟ್ಟಿಸಿದ ಇಯಾಗೋನ ಹೆಂಡತಿ ಎಮಿಲಿಯ. ಹೆಂಡತಿಯರಿಗೂ ಗಂಡಂದಿರಂತೆಯೇ ಇಂದ್ರಿಯಗಳಿವೆ, ಸಿಟ್ಟಿದೆ, ಆಸೆಯಿದೆ ಎಂದು ಹೇಳಿದವಳು ಅವಳೇ. ಗಂಡನಿಗೆ ವಿಧೇಯಳಾಗಿರುವುದು ಸರಿ, ಆದರೆ ಈಗ ಅಲ್ಲ ಎಂದು ಹೇಳಿ ಬಾಯಿಬಿಟ್ಟ ತಪ್ಪಿಗೆ ಅವಳಿಗೆ ಅಲ್ಲೇ ಇರಿತ ಸಿಗುತ್ತದೆ.

ಆ ಕಾಲ ಹಾಗಿತ್ತು, ಇಂದಿನ ಅಳತೆಗೋಲಿನಿಂದ ಅಂದಿನದನ್ನು ಅಳೆಯಬಾರದು ಎಂಬ ಉತ್ತರ ಈ ಹೊತ್ತಿಗೆ ಕೆಲವರ ನಾಲಗೆಯ ತುದಿಗೆ ಬಂದಿರುತ್ತದೆ. ಆದರೆ ಮೇಲೆ ಹೇಳಿದ ಒಂದೊಂದು ನಾಟಕದ ಒಳಗೇ, ನಡೆದದ್ದು ಅನ್ಯಾಯವೆಂದು ಹೇಳುವ ಪಾತ್ರವೊಂದಿದೆ: ವಾಸಂತಿ, ಪಾಲಿನಾ, ಎಮಿಲಿಯ, ಅಡ್ಮೀಟಸ್‌ನ ತಂದೆ. ಅಂದಿನ ಪ್ರೇಕ್ಷಕರಿಗೆ ತಿಳಿಯದ ನೀತಿಯನ್ನು ನಾವು ಹೊಸದಾಗಿ ಹೊರಿಸುತ್ತಿಲ್ಲ. ಶೇಕ್ಸ್‌ಪಿಯರನ ಟೇಮಿಂಗ್ ಆಫ್ ದಿ ಶ್ರೂ ನಾಟಕದಲ್ಲಿ ಪೆಟ್ರೂಶಿಯೊ ಹೆಂಡತಿಯನ್ನು ತನ್ನ ಸರಕು, ತನ್ನ ಹೊಲ, ತನ್ನ ಕಣಜ, ತನ್ನ ಕುದುರೆ, ತನ್ನ ಎತ್ತು ಎಂದು ಪಟ್ಟಿಮಾಡಿ ಹೇಳುತ್ತಾನೆ. ಊಟ, ನಿದ್ದೆ ಎರಡನ್ನೂ ತಪ್ಪಿಸಿ ಅವಳನ್ನು ಪಳಗಿಸುತ್ತಾನೆ. ಕೊನೆಗೆ ಅವಳಿಂದ ಗಂಡನೇ ಒಡೆಯನೆಂಬ 44 ಸಾಲುಗಳ ಭಾಷಣ ಬರುತ್ತದೆ. ಶೇಕ್ಸ್‌ಪಿಯರ್ ಬದುಕಿರುವಾಗಲೇ ಜಾನ್ ಫ್ಲೆಚರ್ ಇದಕ್ಕೆ ಉತ್ತರವಾಗಿ ಇನ್ನೊಂದು ನಾಟಕ ಬರೆದ. ಅದರಲ್ಲಿ ವಿಧುರನಾದ ಪೆಟ್ರೂಶಿಯೊ ಮರುಮದುವೆಯಾಗುತ್ತಾನೆ, ಹೊಸ ಹೆಂಡತಿ ಮರಿಯಾ ಅವನನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡು ಪಳಗಿಸುತ್ತಾಳೆ. 1633ರ ನವೆಂಬರಿನಲ್ಲಿ ಎರಡು ನಾಟಕಗಳನ್ನೂ ಒಂದೆರಡು ದಿನಗಳ ಅಂತರದಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಆಡಿದರು. ಅಧಿಕಾರಿಯ ದಾಖಲೆಯ ಪ್ರಕಾರ ಮೊದಲನೆಯದು ಮೆಚ್ಚುಗೆಯಾಯಿತು, ಫ್ಲೆಚರನದು ಬಹಳ ಮೆಚ್ಚುಗೆಯಾಯಿತು. ಆ ಕಾಲವೆಂಬುದು ಒಂದೇ ದನಿಯಲ್ಲಿ ಮಾತಾಡುತ್ತಿರಲಿಲ್ಲ.

ಸಂಸ್ಕೃತ ನಾಟಕ ಮೃಚ್ಛಕಟಿಕದ ನಾಯಕ ಚಾರುದತ್ತನ ಹೆಂಡತಿ ಧೂತೆಯನ್ನು ಇಲ್ಲಿ ನೆನೆಯದೆ ಹೋದರೆ ತಪ್ಪಾಗುತ್ತದೆ, ಏಕೆಂದರೆ ಆ ನಾಟಕವನ್ನು ಮೆಚ್ಚುವವರೆಲ್ಲ ಚಾರುದತ್ತನನ್ನೂ ವಸಂತಸೇನೆಯನ್ನೂ ಮೆಚ್ಚಿ ಧೂತೆಯನ್ನು ಮರೆಯುತ್ತಾರೆ. ಗಂಡನ ಬಳಿ ಅವನ ಪ್ರಿಯೆ ವಸಂತಸೇನೆ ಇಟ್ಟ ಒಡವೆ ಕಳುವಾದಾಗ, ಗಂಡನ ಮಾನ ಉಳಿಸಲು ತವರಿನಿಂದ ಬಂದ ತನ್ನ ರತ್ನಾವಳಿಯನ್ನು, ವ್ರತದ ದಾನವೆಂಬ ನೆಪ ಹೂಡಿ, ವಿದೂಷಕನ ಕೈಗೆ ಕೊಡುತ್ತಾಳೆ ಅವಳು. ಅದನ್ನು ಕಂಡ ಚಾರುದತ್ತ ಏನು ಹೇಳಬಹುದು? ಹಣವಿಲ್ಲದೆ ಗಂಡಸು ಹೆಂಗಸಾಗುತ್ತಾನೆ, ಹಣವಿದ್ದ ಹೆಂಗಸು ಗಂಡಸಾಗುತ್ತಾಳೆ ಎಂದು ಅವಮಾನಪಡುತ್ತಾನೆ. ಹೆಂಡತಿಯ ಔದಾರ್ಯವೂ ಗಂಡಸುತನದ ನಷ್ಟವಾಗಿ ಅವನಿಗೆ ಕಾಣುತ್ತದೆ. ಮರುಗಳಿಗೆಯಲ್ಲೇ ಅವನು ಇಂಥ ಹೆಂಡತಿ ಇರುವಾಗ ನಾನು ಬಡವನಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ, ಆ ಹಾರವೂ ವಸಂತಸೇನೆಯ ಮನೆಗೆ ಹೋಗುತ್ತದೆ. ಹತ್ತನೆಯ ಅಂಕದಲ್ಲಿ ಗಂಡನ ಸಾವಿನ ಸುದ್ದಿ ಕೇಳುವ ಮೊದಲೇ ಬೆಂಕಿಗೆ ಬೀಳಲು ಹೊರಟವಳೂ ಇವಳೇ. ಹತ್ತು ಅಂಕಗಳ ನಾಟಕದಲ್ಲಿ ಅವಳಿಗೆ ಸಿಗುವುದು ಒಂದೆರಡು ಪ್ರವೇಶ.

ಈ ಕಟ್ಟಳೆಯಿಂದ ಹೊರಗೆ ಬಂದವಳು ಯೂರಿಪಿಡೀಸನ ಇನ್ನೊಂದು ನಾಟಕದ ಮೀಡಿಯ ಅಲ್ಲವೇ ಎಂದು ಕೇಳಬಹುದು. ಮಗುವನ್ನು ಹೆರುವುದಕ್ಕಿಂತ ಮೂರು ಸಲ ಗುರಾಣಿ ಹಿಡಿದು ಯುದ್ಧಕ್ಕೆ ನಿಲ್ಲುವುದು ಲೇಸು ಎನ್ನುವ ಅವಳ ಮಾತು ಕ್ರಿ.ಪೂ. 431ರದು, ಇಂದಿಗೂ ಅದರ ಮೊನೆ ಮೊಂಡಾಗಿಲ್ಲ. ಆದರೆ ಕೊನೆಯ ಮಾತು ಹೆಂಡತಿಗೆ ಸಿಗಬೇಕಾದರೆ ಅವಳು ಹೆತ್ತ ಮಕ್ಕಳನ್ನು ಕೊಂದಿರಬೇಕು ಎಂಬ ಷರತ್ತನ್ನು ನಾಟಕ ಹಾಕುತ್ತದೆ. ಆಮೇಲೆ ಗಂಡ ಜೇಸನ್ ಮಾಡಿದ ದ್ರೋಹದ ಬಗ್ಗೆ ಮಾತಾಡಲು ಯಾರಿಗೂ ಮನಸ್ಸು ಉಳಿಯುವುದಿಲ್ಲ.

1879ರ ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನ ರಾಯಲ್ ಥಿಯೇಟರಿನಲ್ಲಿ ಮೊದಲು ರಂಗಕ್ಕೆ ಬಂದ, ನಾರ್ವೆಯ ಇಬ್ಸನ್ ಬರೆದ ಎ ಡಾಲ್ಸ್ ಹೌಸ್ ನಾಟಕದ ಬಗ್ಗೆ ಹೇಳುವಾಗ ಎಲ್ಲರೂ ನಾಯಕಿ ನೋರಾ ಗಂಡನನ್ನು ಬಿಟ್ಟು ಬಾಗಿಲು ಹಾಕಿಕೊಂಡು ಹೋದದ್ದನ್ನೇ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅದರ ಸ್ವಲ್ಪ ಮೊದಲು ಬರುವ ಅವಳ ಗಂಡ ಟೋರ್ವಾಲ್ಡನ ಮಾತು ಎಂದು ನನಗನ್ನಿಸುತ್ತದೆ. ನೋರಾ ಮಾಡಿದ ಸಾಲದಿಂದ ತನ್ನ ಮಾನಕ್ಕೆ ಇನ್ನು ಅಪಾಯವಿಲ್ಲವೆಂದು ಖಚಿತವಾದ ಕೂಡಲೇ ಅವನು ನಿನ್ನನ್ನು ಕ್ಷಮಿಸಿದ್ದೇನೆ ಎಂದು ಸಾರುತ್ತಾನೆ, ಹೆಂಡತಿಯನ್ನು ಮನಸಾರೆ ಕ್ಷಮಿಸಿದ ಗಂಡಿಗೆ ಸಿಗುವ ಸುಖವೇ ಬೇರೆ, ಅವಳು ಇನ್ನಷ್ಟು ತನ್ನವಳಾದಂತೆ ಆಗುತ್ತದೆ ಎಂದು ವಿವರಿಸುತ್ತಾನೆ. ಅವನ ಜೀವ ಉಳಿಸಲು ಸಾಲ ಮಾಡಿದವಳು ಅವಳು. ಕ್ಷಮಿಸುವ ಅಧಿಕಾರ ಅವನದು. ಶತಮಾನಗಳಿಂದ ಸುಖಾಂತದ ಮುಸುಕಿನಲ್ಲಿದ್ದ ಲೆಕ್ಕಾಚಾರವನ್ನು ಇಬ್ಸನ್ ಗಂಡನ ಬಾಯಿಂದಲೇ ಬಿಡಿಸಿ ಹೇಳಿಸಿದ್ದಾನೆ. ನೋರಾ ಕುಳಿತು ಮಾತಾಡೋಣ ಎನ್ನುತ್ತಾಳೆ, ಎಂಟು ವರ್ಷಗಳ ದಾಂಪತ್ಯದಲ್ಲಿ ಇದೇ ಮೊದಲ ಗಂಭೀರ ಮಾತುಕತೆ ಎಂಬುದನ್ನೂ ಎತ್ತಿ ತೋರಿಸುತ್ತಾಳೆ. ಜರ್ಮನಿಯ ರಂಗಭೂಮಿ ಇದನ್ನು ಅರಗಿಸಿಕೊಳ್ಳಲಿಲ್ಲ. ಅಲ್ಲಿನ ಪ್ರಸಿದ್ಧ ನಟಿಯೊಬ್ಬರು ತಾನಾಗಿದ್ದರೆ ಮಕ್ಕಳನ್ನು ಬಿಟ್ಟು ಹೋಗುತ್ತಿರಲಿಲ್ಲ ಎಂದು ಹಟಹಿಡಿದಾಗ, ಬೇರೆಯವರು ತಿದ್ದಿ ಕೆಡಿಸುವುದಕ್ಕಿಂತ ತಾನೇ ಬರೆಯುವುದು ಮೇಲೆಂದು ಇಬ್ಸನ್ ಬದಲಿ ಮುಕ್ತಾಯವೊಂದನ್ನು ಬರೆದುಕೊಟ್ಟ. ಅದರಲ್ಲಿ ನೋರಾ ಮಲಗಿದ ಮಕ್ಕಳನ್ನು ಕಂಡು ಕುಸಿದು ಮನೆಯಲ್ಲೇ ಉಳಿಯುತ್ತಾಳೆ. ಅದನ್ನು ಅವನೇ ಬರ್ಬರ ಕೃತ್ಯವೆಂದು ಕರೆದ. ಹೆಂಡತಿಯ ಬಾಯಿ ಮುಚ್ಚಿಸುವುದು ನಾಟಕಕಾರನ ಕೆಲಸ ಮಾತ್ರವಲ್ಲ, ಅನೇಕ ವೇಳೆ ಪ್ರೇಕ್ಷಕರ ಬೇಡಿಕೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ನನಗೆ ಗೊತ್ತಿಲ್ಲ.

ಈ ನಾಟಕಗಳನ್ನು ಆಡಬಾರದು, ಪಠ್ಯದಿಂದ ತೆಗೆಯಬೇಕು ಎಂಬ ವಾದಕ್ಕೆ ನನ್ನ ಬೆಂಬಲವಿಲ್ಲ. ಸಾಲುಗಳನ್ನು ತಿದ್ದಿ ನಾಯಕಿಯನ್ನು ಇಂದಿನ ಹೋರಾಟಗಾರ್ತಿಯನ್ನಾಗಿ ಮಾಡುವ ಪ್ರಯೋಗಗಳೂ ನನಗೆ ಹಿಡಿಸುವುದಿಲ್ಲ. ಮೂಲದಲ್ಲಿರುವ ಅನ್ಯಾಯವನ್ನು ಅವು ಅಳಿಸಿಬಿಡುತ್ತವೆ. ಬೇಕಾಗಿರುವುದು ಇನ್ನೂ ಕಡಿಮೆ ಕೆಲಸ. ಹರ್ಮಾಯಿನಿ ಗಂಡನೊಡನೆ ಮಾತಾಡದ ಆ ಹೊತ್ತನ್ನು ಹಿನ್ನೆಲೆ ಸಂಗೀತದಿಂದ ತುಂಬದಿದ್ದರೆ ಸಾಕು. ಸೀತೆಯ ಸ್ವಗತವನ್ನು ಅವಸರದಲ್ಲಿ ನುಂಗದಿದ್ದರೆ ಸಾಕು. ಶಕುಂತಲೆ ಉಂಗುರ ಬೇಡವೆಂದಾಗ ದುಷ್ಯಂತನ ಪಾತ್ರಧಾರಿ ಮುಗುಳ್ನಕ್ಕು ಅದನ್ನು ಸರಸವನ್ನಾಗಿ ಮಾಡದೆ, ಆ ಮಾತನ್ನು ನಿಜವಾಗಿ ಕೇಳಿಸಿಕೊಂಡವನಂತೆ ನಿಲ್ಲಲಿ. ತರಗತಿಯಲ್ಲಿ ಈ ನಾಟಕ ಕಲಿಸುವವರು ಶಕುಂತಲೆಯ ಕ್ಷಮಾಗುಣವನ್ನು ವಿವರಿಸಿ ಎಂಬ ಪ್ರಶ್ನೆಯ ಪಕ್ಕದಲ್ಲಿ ಇನ್ನೊಂದನ್ನು ಸೇರಿಸಬಹುದು: ದುಷ್ಯಂತನ ತಪ್ಪು ಯಾವುದು, ನಾಟಕ ಅದನ್ನು ಯಾರ ಮೇಲೆ ಹೊರಿಸುತ್ತದೆ, ಹಂಸಪದಿಕೆಯ ಹಾಡನ್ನು ಆಧರಿಸಿ ಉತ್ತರಿಸಿ.